ಹಳದಿ ಗೆರೆ

ಗ್ಯಾರೇಜಿನ ಗುಂಡಿಗೆ ಇಳಿದು ಕಾರಿನ ಅಡಿಗೆ ಟಾರ್ಚ್ ಹಾಕಿದ ಕೂಡಲೇ ಅವನಿಗೆ ಮೊದಲು ಕಂಡದ್ದು ತನ್ನದೇ ಗೆರೆ. ಬೆಂಕಿಕಡ್ಡಿಯಷ್ಟು ಉದ್ದದ ಹಳದಿ ಗೆರೆ, ನಟ್ಟಿನ ನೆತ್ತಿಯಿಂದ ಹಾದು ಪಕ್ಕದ ಕಬ್ಬಿಣದ ಮೇಲೆ ಇಳಿದಿತ್ತು. ಎಲ್ಲಿಯೂ ತುಂಡಾಗಿರಲಿಲ್ಲ. ಮೇಲೆ ಧೂಳು ಕೂತಿತ್ತು ಅಷ್ಟೆ. ಹೆಬ್ಬೆರಳಿನಿಂದ ಒರೆಸಿದರೆ ನಿನ್ನೆ ಎಳೆದಂತೆ ಹೊಳೆಯಿತು. ಅವನು ಟಾರ್ಚನ್ನು ಆಚೆ ತಿರುಗಿಸಿ ಸೈಲೆನ್ಸರ್ ನೋಡಿದ, ಎಣ್ಣೆ ಸೋರಿದೆಯೇ ಎಂದು ಗೇರ್‌ಬಾಕ್ಸಿನ ತಳ ಮುಟ್ಟಿದ, ಹಿಂದಿನ ಚಕ್ರದ ಸ್ಪ್ರಿಂಗ್ ಪಟ್ಟಿಗಳವರೆಗೂ ಬೆಳಕು ಹಾಯಿಸಿದ. ಬೆಳಕು ತಾನಾಗಿ ಹಿಂದಕ್ಕೆ ಬಂದು ಅದೇ ನಟ್ಟಿನ ಮೇಲೆ ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಯಾರೂ ಇನ್ನೂ ಕಳ್ಳ ಎಂದಿರಲಿಲ್ಲ. ಮೇಲೆ ಬೆಂಚಿನ ಮೇಲೆ ಹಲ್ಲಿನ ಡಾಕ್ಟರು ಕೂತಿದ್ದರು; ಗುಂಡಿಯ ಅಂಚಿನಿಂದ ಅವರ ಬೂಟು, ಸರಿಯಾಗಿ ಕಟ್ಟಿದ ಲೇಸು ಮಾತ್ರ ಕಾಣುತ್ತಿತ್ತು. ಅವರ ಮಗಳು ರಸ್ತೆಯ ಬದಿಗೆ ನಿಂತು ಫೋನಿನಲ್ಲಿ ಯಾರಿಗೋ ಕಾರಿನ ಬಣ್ಣ ಹೇಳುತ್ತಿದ್ದಳು. ಕೊಳ್ಳುವವನು ನಾಲ್ಕು ಗಂಟೆಗೆ ಬರುತ್ತಾನಂತೆ. ಅದಕ್ಕೆ ಮುಂಚೆ ಒಂದು ಸಲ ಎಲ್ಲ ನೋಡಿ ಕೊಡಬೇಕು.

ಗೆರೆಯ ಕಾನೂನು ಗ್ಯಾರೇಜಿನ ಒಡೆಯ, ಸೋದರಮಾವನದು. ಬ್ರೇಕು, ಸ್ಟೇರಿಂಗು, ಗೇರಿನ ಸರಳು, ಅಂದರೆ ಜೀವ ನೇತಾಡುವ ಯಾವ ನಟ್ಟನ್ನು ಬಿಗಿದರೂ ಬಿಗಿದವನು ಪರೀಕ್ಷೆ ಮಾಡಿ ಅದರ ಮೇಲೆ ತನ್ನ ಬಣ್ಣದ ಗೆರೆ ಎಳೆಯಬೇಕು. ನಟ್ಟು ಕೂದಲಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ಗೆರೆ ನೆಟ್ಟಗಿದ್ದರೆ, ಬಿಗಿದವನು ಬಿಟ್ಟ ಹಾಗೇ ಇದೆ ಎಂದರ್ಥ. ಮಾವನದು ಬಿಳಿ. ಎಂಟನೇ ಕ್ಲಾಸಿಗೆ ಚೀಲ ಬಿಸಾಕಿ ಬಂದ ಅವನಿಗೆ ಐದು ವರ್ಷ ಬರೀ ಸ್ಪ್ಯಾನರ್ ತೊಳೆಯುವುದೇ ಆಯಿತು. ಆಮೇಲೆ ಒಂದು ದಿನ ಮಾವ ಉಗುರುಬಣ್ಣದಷ್ಟು ಚಿಕ್ಕ ಸೀಸೆಯೊಂದನ್ನು ಅವನ ಅಂಗಿಯ ಜೇಬಿಗೆ ಇಳಿಸಿ, “ತಗೋ ಅಳಿಯ, ಇವತ್ತಿಂದ ಹಳದಿ ನಿಂದು. ಗೆರೆ ಹಾಕ್ದೋನ ತಲೆ ಮೇಲೆ ಹೊಣೆ. ಆಮೇಲೆ ಅತ್ರೆ ಕೇಳೋನಲ್ಲ” ಅಂದಿದ್ದ. ಆ ದಿನ ಅವನು ಮನೆಗೆ ಹೋಗಿ ಸೀಸೆಯನ್ನು ಕಿಟಕಿಯಲ್ಲಿಟ್ಟು ಊಟದ ಉದ್ದಕ್ಕೂ ನೋಡಿದ್ದ. ಶಾಲೆಯಲ್ಲಿ ಅವನ ಯಾವ ಪುಸ್ತಕದ ಮೇಲೂ ಯಾರೂ ಸರಿ ಎಂದು ಗೆರೆ ಎಳೆದಿರಲಿಲ್ಲ. ಎಳೆದದ್ದೆಲ್ಲ ಅಡ್ಡಗೆರೆ, ಕೆಂಪು.

ಎಡಗೈಯಲ್ಲಿ ಟಾರ್ಚು, ಬಲಗೈಯಲ್ಲಿ ಸ್ಕ್ರೂಡ್ರೈವರ್. ಗೇರ್‌ಬಾಕ್ಸಿನ ಬದಿಯಲ್ಲಿ ಕಿರುಬೆರಳಷ್ಟು ಉದ್ದದ ಸನ್ನೆಯೊಂದು, ಅಂದರೆ ಲಿವರ್, ಇರುತ್ತದೆ. ಕ್ಲಚ್ಚಿಲ್ಲದ ಕಾರು ಇದು, ಅವನ ಅಪ್ಪ ಹುಟ್ಟುವ ಮುಂಚಿನದು. ಸ್ಟೇರಿಂಗಿನ ಪಕ್ಕದ ಹಿಡಿಯನ್ನು ಎತ್ತಿ ಇಳಿಸಿದರೆ ಗೇರು ತಾನೇ ಬೀಳುತ್ತದೆ. ಹಿಡಿಯ ಎದುರಿನ ಗಾಜಿನೊಳಗೆ ಐದು ಇಂಗ್ಲಿಷ್ ಅಕ್ಷರ, ಅವುಗಳ ಮುಂದೆ ಓಡಾಡುವ ಕೆಂಪು ಮುಳ್ಳು. ಹಿಡಿಯಿಂದ ಸರಳೊಂದು ಕೆಳಗಿಳಿದು ಬಂದು ಈ ಸನ್ನೆಯನ್ನು ಎಳೆಯುತ್ತದೆ. ಸನ್ನೆಗೆ ಒಳಗೆ ಐದು ಕಚ್ಚುಗಳಿವೆ. ಕೊನೆಯ ಕಚ್ಚಿಗೆ ಬಿದ್ದರೆ ಪಿ, ಅಂದರೆ ಪಾರ್ಕಿಂಗ್. ಒಳಗೊಂದು ಹಲ್ಲು ಇಳಿದು ಚಕ್ರವನ್ನು ಕಚ್ಚಿ ಹಿಡಿಯುತ್ತದೆ, ಆನೆ ಬಂದು ನೂಕಿದರೂ ಕಾರು ಕದಲಬಾರದು. ಈಗ ಮೇಲೆ ಹಿಡಿ ಪಿಯಲ್ಲಿತ್ತು, ಮುಳ್ಳೂ ಪಿಯ ಮೇಲಿತ್ತು. ಇಳಿಯುವ ಮುಂಚೆ ನೋಡಿಯೇ ಇಳಿದಿದ್ದ. ಅವನು ಸ್ಕ್ರೂಡ್ರೈವರಿನ ತುದಿಯಿಂದ ಸನ್ನೆಯನ್ನು ಹಿಂದಕ್ಕೆ ಮೆಲ್ಲಗೆ ಒತ್ತಿದ. ಅದು ಕದಲಲೇಬಾರದಿತ್ತು. ಕದಲಿತು. ಗೋಧಿಕಾಳಿನಷ್ಟು ಸರಿದು, ಟಕ್ ಎಂದು ಈಗಷ್ಟೇ ಕೊನೆಯ ಕಚ್ಚಿಗೆ ಬಿತ್ತು. ಸ್ಕ್ರೂಡ್ರೈವರ್ ತೆಗೆದರೆ ಸರಳು ಎಳೆದುಕೊಂಡು ಮತ್ತೆ ಅರ್ಧ ಕಚ್ಚಿನ ಮೇಲೆ ನಿಂತಿತು. ಅಂದರೆ ಮೇಲೆ ಪಿ, ಕೆಳಗೆ ಪಿಯೂ ಅಲ್ಲ, ರಿವರ್ಸೂ ಅಲ್ಲ. ಹೊಸ್ತಿಲ ಮೇಲೆ ಕೂತವನ ಹಾಗೆ. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಸಾಕು, ಬೀಳುತ್ತದೆ.

ಯಾರೋ ಬಾಗಿಲು ಜೋರಾಗಿ ಹಾಕಿದ್ದರು. ಮೂರು ವಾರದ ಹಿಂದೆ, ಮನೆಯ ಮುಂದಿನ ಇಳಿಜಾರಿನಲ್ಲಿ, ಡಾಕ್ಟರು ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಇಳಿದು ಬಾಗಿಲು ಹಾಕಿದರು. ಅವರ ಹೆಂಡತಿ ಡಿಕ್ಕಿಯಿಂದ ಚೀಲ ತೆಗೆಯಲು ಹಿಂದಕ್ಕೆ ಹೋಗಿದ್ದರು. ಕಾರು ಸದ್ದಿಲ್ಲದೆ ಹಿಂದಕ್ಕೆ ಉರುಳಿ ಆಕೆಯ ಕಾಲನ್ನು ಗೇಟಿನ ಕಂಬಕ್ಕೆ ಒತ್ತಿತು. ಎರಡು ಕಡೆ ಮುರಿದಿದೆ, ಒಳಗೆ ಸರಳು ಹಾಕಿದ್ದಾರೆ. ಇದನ್ನೆಲ್ಲ ಬೆಳಿಗ್ಗೆ ಮಗಳು ಕೀ ಕೊಡುವಾಗ ಹೇಳಿದ್ದಳು, ಕರೆಂಟ್ ಬಿಲ್ ಓದಿದ ಹಾಗೆ. “ಅಪ್ಪ ಪಿ ಹಾಕೋದು ಮರ್ತಿದ್ರು. ವಯಸ್ಸಾಯ್ತಲ್ಲ. ಇನ್ನು ಕಾರು ಬೇಡ ಅಂತ ತೀರ್ಮಾನ ಮಾಡಿದೀವಿ.” ಡಾಕ್ಟರು ಅಲ್ಲೇ ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದರು. “ಹಾಕಿದ ಹಾಗೇ ನೆನಪು. ಆದ್ರೆ ಹಾಕಿದ್ರೆ ಕಾರು ಹೋಗ್ತಿತ್ತಾ?” ಅಂದಿದ್ದರು. ಕೇಳಿದ್ದು ಅವನನ್ನೇ. ಆಗ ಅವನು ಸ್ಪ್ಯಾನರ್ ಹುಡುಕುವವನ ಹಾಗೆ ಡಬ್ಬಿಯೊಳಗೆ ಕೈಯಾಡಿಸಿದ್ದ. ಆಗಿನ್ನೂ ಗೊತ್ತಿರಲಿಲ್ಲ ಎಂದು ಅವನು ಈಗ ತನಗೆ ಹೇಳಿಕೊಂಡ. ಹಾಗಿದ್ದರೆ ಕೈ ಯಾಕೆ ಆಡಿಸಿದೆ ಎಂದು ಕೇಳಿಕೊಂಡ. ಬಾಯೊಳಗೆ ಪೆಟ್ರೋಲಿನ ರುಚಿ ಬಂತು.

ಎಲ್ಲ ಆ ಪುಸ್ತಕದಿಂದ. ಒಂದೂವರೆ ತಿಂಗಳ ಹಿಂದೆ ಈ ಮುದುಕ ಇದೇ ಕಾರು ತಂದು, ಮುಳ್ಳು ಅಕ್ಷರದ ಮೇಲೆ ಸರಿಯಾಗಿ ನಿಲ್ಲುತ್ತಿಲ್ಲ, ಹಿಡಿ ಲೊಡಲೊಡ ಎನ್ನುತ್ತದೆ ಎಂದು ಹೇಳಿ, ಪ್ಲಾಸ್ಟಿಕ್ ಹೊದಿಸಿದ ಕಾರಿನ ಪುಸ್ತಕವನ್ನು ಅವನ ಮುಂದೆ ಹಿಡಿದಿದ್ದರು. “ನಲವತ್ತೆರಡನೇ ಪುಟ, ಮೇಲಿಂದ ಮೂರನೇ ಸಾಲು. ಓದು ಮರಿ.” ಆಗ ಗ್ಯಾರೇಜಿನಲ್ಲಿ ಸ್ಕೂಟರಿನವನೊಬ್ಬ, ಅವನ ಹೆಂಡತಿ, ಮಾವ. ಇಂಗ್ಲಿಷ್ ಅಕ್ಷರಗಳು ಅವನಿಗೆ ಬಿಡಿಬಿಡಿಯಾಗಿ ಗೊತ್ತು, ಒಟ್ಟಾಗಿ ನಿಂತರೆ ಜನಜಂಗುಳಿ. ಅವನು ಪುಟವನ್ನು ದಿಟ್ಟಿಸುತ್ತ ನಿಂತ. ಹೀಗೇ ನಿಂತಿದ್ದ, ಎಂಟನೇ ಕ್ಲಾಸಿನಲ್ಲಿ, ಕಿಟಕಿಯ ಪಕ್ಕದ ಮೂರನೇ ಬೆಂಚಿನಲ್ಲಿ, ಬೆವರಿದ ಬೆರಳಿನ ಗುರುತು ಕಾಗದದ ಮೇಲೆ ಬೀಳುವ ತನಕ. ಈಗ ಬಿದ್ದದ್ದು ಗ್ರೀಸಿನ ಗುರುತು. “ಓದಕ್ಕೆ ಬರಲ್ವಾ?” ಅಂದರು ಡಾಕ್ಟರು, ಮೆಲ್ಲಗೆ. “ಪರವಾಗಿಲ್ಲ ಬಿಡು, ನಾನೇ ಓದ್ತೀನಿ.” ಬೈದಿದ್ದರೆ ಸಹಿಸಬಹುದಿತ್ತು. ಆ ಪರವಾಗಿಲ್ಲ ಇತ್ತಲ್ಲ, ಅದು ಹುಣ್ಣಿನ ಮೇಲೆ ಇಟ್ಟ ಹತ್ತಿಯ ಹಾಗೆ ಮೆತ್ತಗಿತ್ತು. ಅವನ ಮೈ ಅಂಗಾಲಿನಿಂದ ಉರಿಯಿತು. ಡಾಕ್ಟರು ಓದಿ ಹೇಳಿದರು. ಈ ಕೆಲಸಕ್ಕೆ ಇಬ್ಬರು ಬೇಕು; ಒಬ್ಬ ಸೀಟಿನಲ್ಲಿ ಕೂತು ಒಂದೊಂದೇ ಅಕ್ಷರಕ್ಕೆ ಹಿಡಿ ಹಾಕಬೇಕು, ಇನ್ನೊಬ್ಬ ಕೆಳಗೆ ಸನ್ನೆ ಆಯಾ ಕಚ್ಚಿಗೆ ಪೂರ್ತಿ ಬಿತ್ತೇ ಎಂದು ನೋಡಬೇಕು. “ನಾನು ಕೂತ್ಕೋತೀನಿ, ನೀನು ಇಳಿ.” ಪುಸ್ತಕ ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ, ಮಾವ ಹತ್ತು ವರ್ಷದ ಹಿಂದೆಯೇ ಬಾಯಲ್ಲಿ ಕಲಿಸಿದ್ದ. ಅವನಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಸಿಟ್ಟು ಇನ್ನೂ ಏರಿತು. “ಇದು ನಿಮ್ಮ ಹಲ್ಲು ಕೀಳೋ ಕುರ್ಚಿ ಅಲ್ಲ ಸಾರ್,” ಅಂದ. “ಹೊರಗೆ ಕೂತ್ಕೊಳ್ಳಿ.” ಸ್ಕೂಟರಿನವನ ಹೆಂಡತಿ ಕಿಸಕ್ಕನೆ ನಕ್ಕಳು. ಡಾಕ್ಟರು ಪುಸ್ತಕ ಮಡಚಿ ಹೊರಗೆ ಹೋಗಿ ಕೂತರು.

ಮಾವ ಅವನಿಗೆ ಇಟ್ಟ ಹೆಸರು ದೂರ್ವಾಸ. ಸಿಟ್ಟು ಬಂದ ದಿನ ಅವನ ಕೈ ಇನ್ನೂ ಚುರುಕು. ಆ ದಿನವೂ ಸರಳಿನ ಕೀಲಿನಲ್ಲಿ ಸವೆದಿದ್ದ ಹಳೇ ಬುಷ್ ಕಿತ್ತು ಹೊಸದು ಹಾಕಿದ, ಸರಳು ಕೂಡಿಸಿದ, ನಟ್ಟು ಬಿಗಿದ, ಗೆರೆ ಎಳೆದ, ಎಲ್ಲ ಒಬ್ಬನೇ, ಮುಕ್ಕಾಲು ಗಂಟೆಯಲ್ಲಿ. ಮೇಲೆ ಬಂದು ಹಿಡಿಯನ್ನು ಡಿ ಅಕ್ಷರಕ್ಕೆ ಇಳಿಸಿದರೆ ಮುಳ್ಳು ಅಕ್ಷರದಿಂದ ಕೂದಲಷ್ಟು ಈಚೆಗೆ ನಿಂತಿತು. ಅದರ ಅರ್ಥ ಅವನಿಗೆ ಗೊತ್ತು: ಸರಳು ಎರಡು ಸುತ್ತು ಗಿಡ್ಡವಾಗಿದೆ, ಇಳಿದು ಬಿಚ್ಚಬೇಕು, ಆಮೇಲೆ ಯಾರನ್ನಾದರೂ ಸೀಟಿಗೆ ಕರೆಯಬೇಕು. ಮಾವ ಬ್ಯಾಟರಿ ತರಲು ಹೋಗಿದ್ದ. ಹೊರಗೆ ಮುದುಕ ಒಬ್ಬನೇ, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು. ಕರೆಯಬೇಕಾಗಿದ್ದದ್ದು ಅವರನ್ನು. ಸಾರ್, ಸ್ವಲ್ಪ ಬಂದು ಕೂತ್ಕೋತೀರಾ ಎಂಬ ನಾಲ್ಕು ಮಾತು. ಅವನು ಗಾಜು ಬಿಚ್ಚಿ, ಮುಳ್ಳನ್ನು ಎರಡು ಬೆರಳಿನಲ್ಲಿ ಹಿಡಿದು, ಕೂದಲಷ್ಟು ಬಗ್ಗಿಸಿದ. ಮುಳ್ಳು ಅಕ್ಷರದ ನಡುಮಧ್ಯಕ್ಕೆ ಬಂದು ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಡಾಕ್ಟರು ಬಂದು ನೋಡಿ, “ಪರ್ಫೆಕ್ಟ್!” ಅಂದು, ಜೇಬಿನಿಂದ ಬಾಯೊಳಗೆ ನೋಡುವ ಚಿಕ್ಕ ಕನ್ನಡಿಯೊಂದನ್ನು ತೆಗೆದು ಅವನ ಕೈಗಿಟ್ಟಿದ್ದರು. “ನಂಗಿನ್ನು ಬೇಡ. ನಿಂಗೆ ನಟ್ಟಿನ ಹಿಂದೆ ಮುಂದೆ ನೋಡಕ್ಕೆ ಉಪಯೋಗ ಆಗತ್ತೆ.” ಆ ಕನ್ನಡಿ ಈಗಲೂ ಎದೆಯ ಜೇಬಿನಲ್ಲಿತ್ತು. ಒಂದೂವರೆ ತಿಂಗಳಲ್ಲಿ ಎಷ್ಟು ನಟ್ಟುಗಳ ಬೆನ್ನು ಅದರಲ್ಲಿ ನೋಡಿದ್ದನೋ, ಈ ಒಂದನ್ನು ಬಿಟ್ಟು.

“ಏನೋ, ನಿದ್ದೆ ಮಾಡ್ತಿದೀಯಾ ಅಲ್ಲಿ?” ಮಾವನ ತಲೆ ಗುಂಡಿಯ ಅಂಚಿನಲ್ಲಿ ಕಾಣಿಸಿತು, ತಲೆಕೆಳಗಾಗಿ. ಅವನು ಟಾರ್ಚಿನ ಬೆಳಕನ್ನು ಗೆರೆಯ ಮೇಲೆ ಇಟ್ಟ, ಸ್ಕ್ರೂಡ್ರೈವರಿನಿಂದ ಸನ್ನೆಯನ್ನು ಒತ್ತಿದ. ಟಕ್. ಬಿಟ್ಟ. ಮತ್ತೆ ಒತ್ತಿದ. ಟಕ್. ಮೂವತ್ತು ವರ್ಷ ಗೇರ್‌ಬಾಕ್ಸ್ ಬಿಚ್ಚಿದ ಕಿವಿಗೆ ಮೂರನೇ ಸಲ ಬೇಕಾಗಲಿಲ್ಲ. ಮಾವನ ಮುಖಕ್ಕೆ ರಕ್ತ ಇಳಿದು ಕೆಂಪಾಗಿತ್ತು, ತಲೆಕೆಳಗಾಗಿದ್ದಕ್ಕೋ ಏನೋ. ಒಮ್ಮೆ ಬೆಂಚಿನ ಕಡೆ ತಿರುಗಿ ನೋಡಿ, ದನಿ ತಗ್ಗಿಸಿ ಅಂದ: “ಬಿಚ್ಚು. ಬೇಗ ಬಿಚ್ಚು. ಎರಡು ಸುತ್ತು ಕೊಟ್ಟು ಬಿಗಿ.”

“ಗೆರೆ?”

“ಬಿಚ್ಚಿದ್ರೆ ಗೆರೆ ಎಲ್ಲಿರತ್ತೋ! ಹೊಸದು ಎಳಿ. ಬೇಕಾದ್ರೆ ನನ್ನ ಬಿಳಿ ಎಳಿ.”

“ಗೆರೆ ಹಾಕ್ದೋನ ಹೊಣೆ ಅಂತಿದ್ದೆಯಲ್ಲ ನೀನು.”

“ದೂರ್ವಾಸ, ಈಗ ನಂಗೆ ವೇದಾಂತ ಹೇಳ್ಬೇಡ. ಆ ಹೆಂಗಸಿನ ಕಾಲು ಮುರ್ದಿದೆ. ಪೊಲೀಸ್ನೋರು ಬಂದ್ರೆ ಬೋರ್ಡಲ್ಲಿರೋದು ನನ್ನ ಹೆಸ್ರು. ನಿಮ್ಮಮ್ಮನಿಗೆ ಏನ್ ಹೇಳ್ಲಿ?” ಮಾವ ಮತ್ತೆ ಬೆಂಚಿನ ಕಡೆ ನೋಡಿದ. “ಮುದುಕ್ರು ಹೇಗೂ ಮರೀತಾರೆ. ಇದಲ್ಲದಿದ್ರೆ ಇನ್ನೊಂದು ಮರೀತಿದ್ರು.”

ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಎಂದು ಕಿರುಚಬೇಕೆನ್ನಿಸಿತು ಅವನಿಗೆ. ಕಿರುಚಲು ಒಬ್ಬ ಸಿಕ್ಕಿದನಲ್ಲ ಎಂಬ ಒಂದು ನೆಮ್ಮದಿಯೂ ಆಯಿತು, ಮತ್ತು ಆ ನೆಮ್ಮದಿಯನ್ನು ಕಂಡು ಅಸಹ್ಯವಾಯಿತು. ಮಾವ ಉಳಿಸಲು ನೋಡುತ್ತಿದ್ದದ್ದು ತನ್ನ ಮೈಯೊಂದನ್ನೇ ಅಲ್ಲ, ಅಳಿಯನದನ್ನೂ. ಸ್ಪ್ಯಾನರ್ ಕೈಯಲ್ಲೇ ಇತ್ತು. ಅರ್ಧ ನಿಮಿಷದ ಕೆಲಸ. ಒಂದು ಸಲ ಮಣಿಕಟ್ಟು ತಿರುಗಿಸಿದರೆ ಗೆರೆ ಎರಡು ತುಂಡು, ಆಮೇಲೆ ಈ ಲೋಕದಲ್ಲಿ ಯಾವ ಪುಸ್ತಕದ ಎಷ್ಟನೇ ಪುಟ ತೆಗೆದರೂ ಇದು ಸಿಕ್ಕುವುದಿಲ್ಲ. ಅವನು ಸ್ಪ್ಯಾನರನ್ನು ನಟ್ಟಿಗೆ ತೊಡಿಸಿದ. ಸರಿಯಾಗಿ ಕೂತಿತು.

ಮೇಲೆ ಡಾಕ್ಟರ ದನಿ ಕೇಳಿಸಿತು. ಮಾವ ಅವರ ಹತ್ತಿರ ಹೋಗಿ ಏನೋ ಮಾತಾಡಿಸುತ್ತಿದ್ದ. “ನಾನು ಬಂದಾಗ ನಿಮಗೆ ನಮಸ್ಕಾರ ಹೇಳಿದ್ನಾ?” ಎಂದು ಡಾಕ್ಟರು ಕೇಳುತ್ತಿದ್ದರು. “ಹೇಳಿದ್ರಿ ಸಾರ್, ಹೇಳಿದ್ರಿ” ಎಂದ ಮಾವ, ಮಗುವಿಗೆ ಹೇಳುವಂತೆ. “ಹಾಗಾದ್ರೆ ಬರ್ಕೋಬೇಕು,” ಅಂದರು ಡಾಕ್ಟರು. ರಸ್ತೆಯ ಬದಿಯಿಂದ ಮಗಳ ದನಿ: “ಅಪ್ಪಾ, ಹನ್ನೊಂದು ಗಂಟೆ ಮಾತ್ರೆ ತಗೊಂಡಿದ್ದು ಬರ್ಕೊಂಡ್ರಾ?” ಪೆನ್ನಿನ ಟೋಪಿ ತೆಗೆದ ಸದ್ದು. ಡಾಕ್ಟರು ಬರೆದುಕೊಳ್ಳುವ ನೋಟ್‌ಬುಕ್ಕನ್ನು ಬೆಳಿಗ್ಗೆ ಅವನು ನೋಡಿದ್ದ, ಬೆಂಚಿನ ಮೇಲೆ ತೆರೆದು ಬಿದ್ದಿತ್ತು. ಕನ್ನಡದಲ್ಲೇ ಇದ್ದುದರಿಂದ ಓದಿದ್ದ. ಹಲ್ಲುಜ್ಜಿದೆ. ಒಲೆ ಆರಿಸಿದೆ. ನಲ್ಲಿ ನಿಲ್ಲಿಸಿದೆ. ಒಲೆ ಆರಿಸಿದ್ದು ಇನ್ನೊಮ್ಮೆ ನೋಡಿದೆ. ಪ್ರತಿ ಸಾಲಿನ ಮುಂದೆ ಒಂದು ಸರಿ ಗುರುತು. ನಲವತ್ತು ವರ್ಷ ಊರಿನ ಹಲ್ಲು ನೋಡಿದವರು ತಮ್ಮ ಹಲ್ಲುಜ್ಜಿದ್ದಕ್ಕೆ ತಾವೇ ಸರಿ ಹಾಕಿಕೊಂಡಿದ್ದರು. ಆಗ ಅವನಿಗೆ ನಗು ಬಂದಿತ್ತು. ದೇವರಾಣೆ, ನಗು ಬಂದಿತ್ತು.

ಅವನು ಸ್ಪ್ಯಾನರನ್ನು ನಟ್ಟಿನಿಂದ ಬಿಡಿಸಿ ಕೆಳಗಿಟ್ಟ.

“ಡಾಕ್ಟ್ರೇ,” ಎಂದು ಕೂಗಿದ. ತನಗೇ ಗಾಬರಿಯಾಗುವಷ್ಟು ಒರಟಾಗಿ ಬಂತು ದನಿ. “ಸ್ವಲ್ಪ ಇಳಿದು ಬನ್ನಿ ಇಲ್ಲಿ.”

“ಅವರ್ಯಾಕೋ ಗುಂಡಿಗೆ? ಬಿದ್ದುಗಿದ್ದಾರು!” ಎಂದ ಮಾವ. ಆದರೆ ಡಾಕ್ಟರು ಆಗಲೇ ಎದ್ದಿದ್ದರು. ಐದು ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ನಿಂತು, ಎಣಿಸಿಕೊಂಡು ಇಳಿದರು. ಗುಂಡಿಯೊಳಗೆ ಇಬ್ಬರು ನಿಂತರೆ ಎದೆಗೆ ಎದೆ ತಾಗುತ್ತದೆ. ಅವರ ಮೈಯಿಂದ ಸೋಪಿನ ವಾಸನೆ ಬರುತ್ತಿತ್ತು. ಅವನು ಕನ್ನಡಿಯನ್ನು ತೆಗೆದು ಕೊಟ್ಟ. ಹೇಗೆ ಹಿಡಿಯಬೇಕೆಂದು ಹೇಳಬೇಕಾಗಲಿಲ್ಲ. ನಡುಗುತ್ತಿದ್ದ ಕೈ ಕನ್ನಡಿಯ ಹಿಡಿ ತಾಗಿದ್ದೇ ತಡ ಕಲ್ಲಿನ ಹಾಗೆ ನಿಂತಿತು.

“ಮೇಲೆ ಹಿಡಿ ಪಿಯಲ್ಲಿದೆ,” ಅಂದ ಅವನು. “ಈ ಸನ್ನೆ ಕೊನೆ ಕಚ್ಚಲ್ಲಿರ್ಬೇಕು. ನೋಡಿ ಈಗ.” ಒತ್ತಿದ. ಟಕ್. ಬಿಟ್ಟ. “ಕೇಳಿಸ್ತಾ? ಅಷ್ಟು ಕಮ್ಮಿ. ಆ ಹಳದಿ ಗೆರೆ ನಂದು. ನಾನು ಬಿಗಿದ ದಿನದಿಂದ ಹೀಗೇ ಇದೆ. ಮುಳ್ಳು ಸರಿ ಕಾಣ್ಲಿ ಅಂತ ಮುಳ್ಳನ್ನ ಬಗ್ಗಿಸಿದ್ದೆ.” ಮಾತು ಮುಗಿದಿತ್ತು. ಆದರೂ ಅವನು ಮುಂದುವರಿಸಿದ, ಯಾರದೋ ಮೇಲೆ ಜಗಳಕ್ಕೆ ಹೋಗುವವನಂತೆ: “ಸೀಟಲ್ಲಿ ಒಬ್ರು ಕೂರ್ಬೇಕಿತ್ತು. ನಿಮ್ಮನ್ನ ಕರೀಬೇಕಾಗತ್ತೆ ಅಂತ ಕರೀಲಿಲ್ಲ. ಅಷ್ಟೆ.”

ಡಾಕ್ಟರು ಕನ್ನಡಿಯನ್ನು ಓರೆ ಮಾಡಿ ಗೆರೆಯನ್ನು ಮೇಲಿಂದ, ಬದಿಯಿಂದ, ಹಿಂದಿನಿಂದ ನೋಡಿದರು. ಸ್ಕ್ರೂಡ್ರೈವರನ್ನು ಅವನ ಕೈಯಿಂದ ತೆಗೆದುಕೊಂಡು ತಾವೇ ಒತ್ತಿದರು. ಟಕ್. ಬಿಟ್ಟರು. ಟಕ್. ಆರೇಳು ಸಲ. ಅವನು ಬೈಗುಳಕ್ಕಾಗಿ ಹಲ್ಲು ಕಚ್ಚಿ ನಿಂತಿದ್ದ, ಕೆನ್ನೆಗೆ ಬಿದ್ದರೂ ಸರಿ ಎಂದುಕೊಂಡು ನಿಂತಿದ್ದ.

“ಹಾಗಾದ್ರೆ ನಾನು ಹಾಕಿದ್ದೆ,” ಅಂದರು ಡಾಕ್ಟರು.

“ಹಾಕಿದ್ರಿ.”

“ಹಾಕಿದ್ದೆ ಕಣೇ!” ಅವರು ಗುಂಡಿಯೊಳಗಿಂದ ಮೇಲಕ್ಕೆ ಕೂಗಿದರು. ಅದು ಕಾಲು ಮುರಿದ ಹೆಂಡತಿಯಿರುವ ಮನುಷ್ಯನ ದನಿಯಾಗಿರಲಿಲ್ಲ, ಪರೀಕ್ಷೆ ಪಾಸಾದ ಹುಡುಗನ ದನಿ. “ಬಾರೇ ಇಲ್ಲಿ! ನಾನು ಪಿ ಹಾಕಿದ್ದೆ!” ಮಗಳು ಫೋನ್ ಕಿವಿಗಿಟ್ಟುಕೊಂಡೇ ಓಡಿ ಬಂದಳು. ಡಾಕ್ಟರು ಹೇಳಿದರು, ಸ್ಕ್ರೂಡ್ರೈವರಿನಿಂದ ತೋರಿಸಿ ಹೇಳಿದರು. ಅವಳು ಬಗ್ಗಿ ನೋಡುತ್ತಿದ್ದದ್ದು ಅಪ್ಪನನ್ನಲ್ಲ, ಅವನನ್ನು. ಫೋನಿನಲ್ಲಿ ಯಾರೋ ಹಲೋ ಹಲೋ ಅನ್ನುತ್ತಿದ್ದರು.

“ಅಮ್ಮ ಮಂಚದ ಮೇಲೇ ಎಲ್ಲ ಮಾಡ್ಕೋತಿದ್ದಾಳೆ, ಮೂರು ವಾರದಿಂದ,” ಅಂದಳು ಅವನಿಗೆ. “ಅದಿರ್ಲಿ. ನಾನು ಅಪ್ಪನ ಕೈಯಿಂದ ಬೆಂಕಿಪೊಟ್ಟಣ ಕಿತ್ಕೊಂಡಿದೀನಿ. ಬಚ್ಚಲ ಬಾಗಿಲ ಚಿಲಕ ತೆಗೆಸಿದೀನಿ. ಹಲ್ಲುಜ್ಜಿದ್ದು ಬರೆಸಿದೀನಿ ಕಣೋ, ಹಲ್ಲುಜ್ಜಿದ್ದು! ಗೊತ್ತಾ ನಿಂಗೆ?”

“ಗೊತ್ತು,” ಅಂದ. “ಓದಿದೆ.”

ಅವಳು ಬೆಂಚಿನ ಮೇಲಿದ್ದ ನೋಟ್‌ಬುಕ್ಕನ್ನು ಎತ್ತಿಕೊಂಡು, ಏನು ಮಾಡಬೇಕೆಂದು ತಿಳಿಯದೆ ಅದನ್ನು ಎದೆಗೆ ಒತ್ತಿ ಹಿಡಿದು ರಸ್ತೆಯ ಕಡೆ ಮುಖ ಮಾಡಿ ನಿಂತಳು. ಫೋನಿಗೆ, “ಇವತ್ತು ಬರ್ಬೇಡಿ,” ಅಂದಳು.

ಗುಂಡಿಯಲ್ಲಿ ಡಾಕ್ಟರು ಅವನ ಕಿವಿಯ ಹತ್ತಿರ ಬಂದು, ಗುಟ್ಟು ಹೇಳುವಂತೆ ಹೇಳಿದರು: “ನಾನೊಂದ್ಸಲ ಒಬ್ಬನ ಒಳ್ಳೇ ಹಲ್ಲು ಕಿತ್ತಿದ್ದೆ. ಹುಳುಕಾಗಿದ್ದು ಪಕ್ಕದ್ದು. ಎರಡೂ ಹಾಳಾಗಿತ್ತು ಅಂದೆ. ಪಾಪ, ಕೈ ಮುಗಿದು ಹೋದ.” ಅವನಿಗೆ ಕೇಳಲಾಗಲಿಲ್ಲ. ಈ ಮುದುಕ ತನಗೆ ಮತ್ತೆ ಪರವಾಗಿಲ್ಲ ಎನ್ನುತ್ತಿದ್ದಾನೆ, ಅದೇ ಹತ್ತಿ, ಅದೇ ಮೆತ್ತಗೆ. ಬೇಡ ಎಂದು ತಳ್ಳಬೇಕೆನ್ನಿಸಿತು. ತಳ್ಳುವ ಹಕ್ಕು ತನಗೀಗ ಇಲ್ಲ ಎಂಬುದೂ ಗೊತ್ತಾಯಿತು. “ಸಂಜೆ ಮನೆಗೆ ಬಂದು ನಮ್ಮವಳಿಗೆ ನೀನೇ ಹೇಳು,” ಅಂದರು ಡಾಕ್ಟರು, ಬೇರೆಯೇ ದನಿಯಲ್ಲಿ. “ಅವಳು ನನ್ನಂಥವಳಲ್ಲ. ಬೈತಾಳೆ. ಬೈಸ್ಕೋ.”

“ಬರ್ತೀನಿ.”

“ಈಗ ಇದನ್ನ ಸರಿ ಮಾಡು. ಇಬ್ರು ಬೇಕು, ಅಲ್ವಾ?”

“ಬೇಕು ಸಾರ್. ಸ್ವಲ್ಪ ಬಂದು ಕೂತ್ಕೋತೀರಾ?”

ಡಾಕ್ಟರು ಕನ್ನಡಿ, ಸ್ಕ್ರೂಡ್ರೈವರ್ ಎರಡನ್ನೂ ಅವನ ಕೈಗಿಟ್ಟು ಐದು ಮೆಟ್ಟಿಲು ಎಣಿಸದೆ ಹತ್ತಿದರು. ಮೇಲೆ ಬಾಗಿಲು ತೆಗೆದ ಸದ್ದು, ಸೀಟಿನ ಸ್ಪ್ರಿಂಗು ಮುಲುಗಿದ ಸದ್ದು. ಅವನು ಸ್ಪ್ಯಾನರ್ ತೊಡಿಸಿ ಮಣಿಕಟ್ಟು ತಿರುಗಿಸಿದ. ಹಳದಿ ಗೆರೆ ಎರಡು ತುಂಡಾಯಿತು. ಅಂಥಾ ದೊಡ್ಡದೇನೂ ಆಗಲಿಲ್ಲ. ಎರಡು ಸುತ್ತು ಕೊಟ್ಟ, ಸನ್ನೆಯನ್ನು ಕೊನೆಯ ಕಚ್ಚಿಗೆ ಒತ್ತಿ ಹಿಡಿದು, ಸರಳನ್ನು ಕೂಡಿಸಿ ಬಿಗಿದ. ಬಗ್ಗಿಸಿದ ಮುಳ್ಳನ್ನು ಡಾಕ್ಟರೇ ಮೇಲೆ ನೇರ ಮಾಡಿದರು. ಅಂಥ ಕೆಲಸಕ್ಕೆ ಅವರ ಬೆರಳೇ ಸರಿ. ಆಮೇಲೆ ಅವನು ಕೆಳಗಿನಿಂದ ಒಂದೊಂದೇ ಅಕ್ಷರ ಕೂಗಿದ, ಮೇಲಿನಿಂದ ಉತ್ತರ ಬಂತು, ಎರಡರ ನಡುವೆ ಪ್ರತಿ ಸಲ ಟಕ್ ಎಂದು ಕಚ್ಚು ಬಿತ್ತು. ಆರ್. ಎನ್. ಡಿ. ಕೊನೆಗೆ ಎಲ್. ಮತ್ತೆ ಮೇಲಕ್ಕೆ.

“ಪಿ ಹಾಕಿ ಸಾರ್.”

“ಹಾಕಿದೀನಿ.”

ಅವನು ಕನ್ನಡಿಯನ್ನು ಓರೆ ಹಿಡಿದು ಸನ್ನೆಯ ಬೆನ್ನು ನೋಡಿದ. ಸ್ಕ್ರೂಡ್ರೈವರಿನಿಂದ ಒತ್ತಿದ. ಕದಲಲಿಲ್ಲ. ಎರಡೂ ಕೈ ಹಾಕಿ ಒತ್ತಿದ. ಕದಲಲಿಲ್ಲ.

“ಹಾಕಿದೀರಿ.”

ಗುಂಡಿಯ ಅಂಚಿನಿಂದ ಒಂದು ಕೈ ಇಳಿದು ಬಂತು. ಮಾವನ ಕೈ, ಹಳದಿ ಸೀಸೆ ಹಿಡಿದುಕೊಂಡು, ಮುಚ್ಚಳ ತೆಗೆದು. “ಎಳಿ,” ಅಂದ ಮಾವ. ಅವನು ಸೀಸೆಯತ್ತ ಕೈ ಚಾಚಿದ. ಅಷ್ಟರಲ್ಲಿ ಮೇಲೆ ಹಿಡಿ ಕೆಳಗಿಳಿದ ಸದ್ದಾಯಿತು, ಮತ್ತೆ ಮೇಲೇರಿದ ಸದ್ದು.

“ಇನ್ನೊಂದ್ಸಲ ಹಾಕಿದೀನಿ,” ಅಂದರು ಡಾಕ್ಟರು. “ನೋಡು.”

“ತಡಿ ಮಾವ,” ಎಂದು ಅವನು ಮತ್ತೆ ಕನ್ನಡಿ ಎತ್ತಿದ.